ಅಮ್ಮನ ಬೈಬಲಿನ ಎರಡು ಭಾಗ

ಹೊಸ ಬೈಬಲ್ ಕೊಳ್ಳಬೇಕೆಂದರೆ ಆರು ರಿಜಿಸ್ಟರ್ ಬೈಂಡ್ ಮಾಡಬೇಕು. ತಂಗಿಯ ಊರಿಗೆ ಹೋಗಿಬರುವ ಬಸ್ಸಿಗೆ ಮೂರು ರಿಜಿಸ್ಟರ್ ಸಾಕು. ಫೋನ್ ಮಾಡಿದರೆ ಏನೂ ಖರ್ಚಿಲ್ಲ. ಬೈಂಡಿಂಗ್ ಅಂಗಡಿಯ ಅಕ್ಕ ಮೂರು ವರ್ಷಗಳಿಂದ ಈ ಲೆಕ್ಕವನ್ನು ಹಾಕಿ ಹಾಕಿ ಬಿಟ್ಟಿದ್ದಳು. ಮೂರರಲ್ಲಿ ಪುಕ್ಕಟೆಯದೇ ಅವಳ ಕೈಗೆ ಎಟುಕದ್ದು.

ಕ್ರಿಸ್‌ಮಸ್ಸಿಗೆ ಕಾಯುವ ಆಗಮನ ಕಾಲ ಬಂತೆಂದರೆ ಅಮ್ಮನ ಮನೆಯಲ್ಲೊಂದು ಕ್ರಮವಿತ್ತು. ಕ್ರಿಸ್‌ಮಸ್ ತನಕ ದಿನಾ ಸಂಜೆ ದೀಪ ಹಚ್ಚಿ ಒಬ್ಬರು ವಚನ ಓದಬೇಕು, ಇನ್ನೊಬ್ಬರು ಅದರ ಬಗ್ಗೆ ಒಂದೇ ಒಂದು ಮಾತು ಹೇಳಬೇಕು. ಎರಡನೆಯ ಮಾತಿಗೆ ಅಮ್ಮ ಬಿಡುತ್ತಿರಲಿಲ್ಲ. "ಉಪದೇಶ ಕೇಳೋಕೆ ಭಾನುವಾರ ಇದೆ" ಎನ್ನುತ್ತಿದ್ದಳು. ಯಾವ ದಿನ ಯಾವ ವಚನ ಎಂದು ತನ್ನ ಬೈಬಲಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಆ ಬರಹಕ್ಕೋಸ್ಕರವೇ ಅಕ್ಕನಿಗೆ ಹೊಸ ಬೈಬಲ್ ಬೇಕಿರಲಿಲ್ಲ.

ಅಮ್ಮ ಹೋಗುವ ಮುಂಚೆ ಹೇಳಿದ್ದು, "ಈ ಪುಸ್ತಕ ನಿಮ್ಮಿಬ್ಬರದೂ." ಅಕ್ಕ ಅದನ್ನು ಕಸುಬಿನವಳ ಕಿವಿಯಲ್ಲಿ ಕೇಳಿದಳು. ಬೆನ್ನು ಸಡಿಲಾಗಿದ್ದ ದಪ್ಪ ಪುಸ್ತಕ. ಅಂಥವನ್ನು ಎರಡು ಭಾಗ ಮಾಡಿ ಕಟ್ಟುವುದು ಅವಳಿಗೆ ದಿನನಿತ್ಯದ ಕೆಲಸ. ಹದಿನಾರು ಪುಟಗಳ ಕಂತೆ ಎಣಿಸಿ, ಸರಿಯಾಗಿ ಅರ್ಧಕ್ಕೆ ದಾರ ಕತ್ತರಿಸಿ, ಹೊಸ ರಟ್ಟು ಹಾಕಿ, ಎರಡಕ್ಕೂ ಕೆಂಪು ಬಟ್ಟೆಯ ಬೆನ್ನು ಹಚ್ಚಿದಳು. ಅಷ್ಟು ಚೆಂದದ ಕೆಲಸವನ್ನು ಅವಳು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

ತಂಗಿ ತನ್ನ ಭಾಗವನ್ನು ಕೈಗೆ ತೆಗೆದುಕೊಂಡು ಬಿಳಿಚಿಕೊಂಡಳು. "ಕೇಕ್ ಅನ್ಕೊಂಡ್ಯಾ ಅಕ್ಕ, ಕತ್ತರಿಸಿ ಕೊಡೋಕೆ? ಒಟ್ಟಿಗೆ ಕೂತು ಓದಲಿ ಅಂತ ಅಂದಿದ್ದಳು ಅಮ್ಮ!" ಎಂದು ಬಾಗಿಲು ದಾಟಿದವಳು ಮತ್ತೆ ಬರಲಿಲ್ಲ.

ಅಕ್ಕನ ಭಾಗ ಕೀರ್ತನೆಗಳ ನಡುವೆ, ವಾಕ್ಯದ ನಡುವೆಯೇ ನಿಲ್ಲುತ್ತಿತ್ತು: "ಬೆಳಗನ್ನು ಎದುರುನೋಡುವ ಕಾವಲುಗಾರರಿಗಿಂತ." ಅಲ್ಲಿಂದಾಚೆ ರಟ್ಟು. ಪ್ರವಾದಿ ಹೇಳಿದ ಬೆಳಕು, ದೇವದೂತ ತಂದ ಸುದ್ದಿ, ಮಗು, ಕುರುಬರು, ಕ್ರಿಸ್‌ಮಸ್ಸಿನ ಕಥೆಯೆಲ್ಲವೂ ತಂಗಿಯ ಪಾಲಿಗೆ. ಮೂರು ಡಿಸೆಂಬರಿನಲ್ಲೂ ಅಕ್ಕ ಆ ಕೊನೆಯ ಪುಟವನ್ನೇ ಓದಿ, ಆ ಒಂದು ಮಾತು ಹೇಳುವವರಿಲ್ಲದೆ ದೀಪ ಆರಿಸಿದ್ದಳು.

ಈ ಸಲ ಚರ್ಚಿನ ಉಪದೇಶಿಗಳು ಹರಿದ ಹಾಡಿನ ಪುಸ್ತಕಗಳ ಕಟ್ಟು ತಂದವರು, ಮೇಜಿನ ಮೇಲಿದ್ದ ಕೆಂಪು ಬೆನ್ನಿನ ಪುಸ್ತಕವನ್ನು ತಿರುವಿ ನೋಡಿದರು.

"ಇದರ ಬಾಲ ಎಲ್ಲಿ ಹೋಯ್ತಮ್ಮಾ?"

ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಗಿರಾಕಿಯ ಕೆಲಸ ನೀನು ಕೆಡಿಸಿದ್ರೆ ಏನ್ ಮಾಡ್ತೀಯ?"

"ಏನ್ ಮಾಡೋದು? ತಪ್ಪು ನಂದು ಅಂತೀನಿ."

"ತಂಗಿಗೆ ಅಂದ್ಯಾ?"

"ಅವಳು ಗಿರಾಕಿ ಅಲ್ವಲ್ಲ."

"ಅದಕ್ಕೇ ನೀನು ಬಚಾವು. ಗಿರಾಕಿ ಆಗಿದ್ರೆ ಇಷ್ಟೊತ್ತಿಗೆ ಅಂಗಡಿ ಮುಚ್ಚಿಸಿರೋಳು," ಎಂದು ನಗುತ್ತಾ ಹೋದರು.

ಅಂದು ಸಂಜೆ ಅಕ್ಕ ಕೈಯ ಅಂಟು ತೊಳೆದಳು. ಹೋಗಿಲ್ಲವೇನೋ ಎಂದು ಇನ್ನೊಮ್ಮೆ ತೊಳೆದಳು. ಆಮೇಲೆ ಫೋನ್ ಹಚ್ಚಿದಳು.

"ನಾನು ಕಣೇ. ನನ್ನ ಪುಸ್ತಕ ಕಾವಲುಗಾರರ ಹತ್ತಿರ ನಿಂತುಹೋಗಿದೆ. ಮುಂದಿಂದು ಓದ್ತೀಯಾ?"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. "ಯಾಕೆ, ಬಾಯಿಪಾಠ ಬರಲ್ವಾ ನಿಂಗೆ?"

"ಬರತ್ತೆ."

"ಮತ್ತೆ?"

"ತಪ್ಪು ನಂದು. ಕೇಳದೆ ಕತ್ತರಿಸಿದೆ."

ಆ ಕಡೆ ಬೀರು ತೆರೆದ ಸದ್ದು, ಹಾಳೆ ಮಗುಚಿದ ಸದ್ದು. ಆಮೇಲೆ ತಂಗಿಯ ದನಿ, ಶಾಲೆಯ ಹುಡುಗಿಯ ಹಾಗೆ ಏರಿಳಿತವಿಲ್ಲದೆ: "ಹೆಚ್ಚಾಗಿ ನನ್ನ ಪ್ರಾಣವು ಕರ್ತನಿಗಾಗಿ ಕಾದಿದೆ." ಸ್ವಲ್ಪ ತಡೆದು, "ಅಂಚಲ್ಲಿ ಅಮ್ಮ ಏನೋ ಬರೆದಿದಾಳೆ. 'ಇವತ್ತು ದೊಡ್ಡವಳು ಓದ್ತಾ ಓದ್ತಾ ತೂಕಡಿಸಿದಳು.'"

"ಕಾವಲುಗಾರರ ವಚನಕ್ಕೇನಾ?"

"ಅದಕ್ಕೇ ನೋಡು! ಒಳ್ಳೇ ಕಾವಲು." ತಂಗಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮೂಗು ಎಳೆದುಕೊಂಡದ್ದೂ ಕೇಳಿಸಿತು. "ಹ್ಞೂಂ, ಓದಾಯ್ತು. ನಿನ್ನ ಮಾತು ಹೇಳು."

ಅಕ್ಕ ಯೋಚಿಸಿದಳು. "ಬೆಳಗು ಮಾಡೋದು ಕಾವಲುಗಾರನ ಕೈಲಿಲ್ಲ. ಎದ್ದು ಕೂತಿರೋದು ಮಾತ್ರ ಅವನ ಕೆಲಸ."

"ಎರಡು ಮಾತಾಯ್ತು. ಅಮ್ಮ ಆಗಿದ್ರೆ ಬೈತಿದ್ಲು," ಎಂದಳು ತಂಗಿ. "ನಾಳೆ ನಾನೇ ಫೋನ್ ಮಾಡ್ತೀನಿ. ಏಳಕ್ಕೆ."

ಕ್ರಿಸ್‌ಮಸ್ ಹಿಂದಿನ ದಿನದವರೆಗೂ ಏಳಕ್ಕೆ ಫೋನ್ ಬಂತು. ಒಂದು ಸಂಜೆ ಅಕ್ಕ ಧೈರ್ಯ ಮಾಡಿ ಕೇಳಿದಳು, "ನಿನ್ನ ಭಾಗ ತಗೊಂಡು ಬಾ, ಮತ್ತೆ ಒಂದೇ ಮಾಡಿ ಹೊಲಿದುಬಿಡ್ತೀನಿ."

"ಹೊಲಿದು ಯಾರ ಮನೇಲಿಡ್ತೀಯ?"

ಅಕ್ಕ ಮಾತು ಬದಲಿಸಿದಳು. "ಹಬ್ಬಕ್ಕಾದ್ರೂ ಬಾ."

"ಇಲ್ಲಿ ಅತ್ತೆ ಮನೆ ಜನ ಎಲ್ಲಾ ಬರ್ತಿದಾರೆ ಅಕ್ಕ. ಆಗಲ್ಲ." ಬೇಸರದಿಂದ ಹೇಳಿದ್ದಲ್ಲ ಅದು, ಅಕ್ಕನನ್ನು ಅಲ್ಲಿಗೆ ಕರೆಯುವ ಮಾತೂ ಅಲ್ಲ.

ಕ್ರಿಸ್‌ಮಸ್ ಸಂಜೆ ಏಳಾಯಿತು, ಏಳೂವರೆಯಾಯಿತು, ಫೋನ್ ಬರಲಿಲ್ಲ. ಓದುವ ಕಾಲ ಮುಗಿದಿತ್ತು. ಅಕ್ಕ ಒಬ್ಬಳೇ ಉಂಡು, ತಟ್ಟೆ ತೊಳೆದಿಟ್ಟಳು.

ಪುಸ್ತಕ ಇಂದಿಗೂ ಎರಡು ಊರಲ್ಲಿದೆ. ಅಕ್ಕ ಕಳೆದುಕೊಂಡದ್ದು ಅಮ್ಮನ ಇಡೀ ಬೈಬಲ್, ಮತ್ತು ಮೂರು ವರ್ಷ. ಅವಳಿಗೆ ಸಿಕ್ಕಿದ್ದು ಹತ್ತೊಂಬತ್ತು ಸಂಜೆ, ಐದೈದು ನಿಮಿಷದ ಹಾಗೆ, ತಂಗಿಯ ದನಿ.