ಬೀಸುಕಲ್ಲಿನ ಶ್ರುತಿ

ನನ್ನ ದನಿ ಎತ್ತರದ್ದು. ಅದರ ಜಂಬವೂ ನನಗೆ ಕೊಂಚ ಹೆಚ್ಚೇ ಇತ್ತು. ನಲವತ್ತಮೂರನೆಯ ಇಸವಿಯಲ್ಲಿ ಕೊಪ್ಪಳದ ಒಂದು ವಸತಿ ಶಾಲೆಗೆ ಸಂಗೀತದ ಮಾಸ್ತರನಾಗಿ ಸೇರಿದೆ. ವಿಚಿತ್ರ ಶಾಲೆ. ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು, ತಮ್ಮ ಜೋಳ ತಾವೇ ಬೀಸಬೇಕು. ಗಂಡುಹುಡುಗರು ಬೀಸುಕಲ್ಲು ಹಿಡಿದದ್ದು ಕಂಡು ಊರವರು ನಗುತ್ತಿದ್ದರು. ನಕ್ಕೊಳ್ಳಲಿ ಬಿಡಿ ಎನ್ನುತ್ತಿದ್ದರು ಹೆಡ್‌ಮಾಸ್ತರರು.

ಪ್ರಾರ್ಥನೆಗೆ ಎಲ್ಲರೂ ಹಾಡಬೇಕೆಂಬುದೂ ಅವರದೇ ಕಾಯ್ದೆ. ಅಳವಂಡಿಯ ಹುಲಿಗೆಪ್ಪ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹದಿನಾಲ್ಕರ ಹುಡುಗ, ಆಗಷ್ಟೇ ಒಡೆದ ದನಿ. "ಪುಣ್ಯಾತ್ಮಾ, ನೀ ಬರೇ ತುಟಿ ಆಡಸು, ದನಿ ತಗೀಬ್ಯಾಡ" ಎಂದೆ. ಆರು ತಿಂಗಳು ಅವನು ಹಾಗೇ ಮಾಡಿದ. ನಾನು ಮರೆತೂಬಿಟ್ಟೆ.

ಒಂದು ಸಂಜೆ ಅವನ ತಾಯಿ ಭೀಮಕ್ಕ ಊರಿಂದ ನಡೆದು ಬಂದಳು. ಮಗನ ಹಾಡು ಕೇಳಲೆಂದೇ ಪ್ರಾರ್ಥನೆಯಲ್ಲಿ ಮುಂದೆ ಕೂತಳು. ಮುಗಿದ ಮೇಲೆ ನನ್ನ ಹತ್ತಿರ ಬಂದಳು.

"ಮಾಸ್ತರ, ನನ್ನ ಮಗನ ದನಿ ಬರಲಿಲ್ಲಲ್ರಿ."

"ಇಷ್ಟು ಮಂದ್ಯಾಗ ನಿನಗ ಹೆಂಗ ಗೊತ್ತಾತವ್ವಾ?"

"ಹಡದಾಕಿಗೆ ಗೊತ್ತಾಗಂಗಿಲ್ಲೇನ್ರಿ? ಮನ್ಯಾಗ ನನ್ನ ಸಂಗಾಟ ಬೀಸೂಮುಂದ ಹಾಡತಿದ್ದ. ಇಲ್ಲಿ ಮೂಕ ಆಗೂದಿದ್ರ ನಾಳಿ ಕರಕೊಂಡು ಹೊಕ್ಕೀನಿ."

ಹುಲಿಗೆಪ್ಪ ನನ್ನ ಹೆಸರು ಹೇಳಲಿಲ್ಲ, ನೆಲ ನೋಡುತ್ತ ನಿಂತ. ನನಗೆ ನಾಚಿಕೆಯಾಯಿತು. ಆದರೂ ಹಾರ್ಮೋನಿಯಂ ಮುಚ್ಚಿ ಎದ್ದು ನಡೆದುಬಿಟ್ಟೆ.

ಮರುದಿನ ಮುಂಜಾನೆ ಅಡಿಗೆಮನೆಯಿಂದ ಹಾಡು ಕೇಳಿಸಿತು. ಹೋಗಿ ನೋಡಿದರೆ ತಾಯಿ ಮಗ ಎದುರುಬದುರು ಕೂತು ಬೀಸುಕಲ್ಲಿನ ಗೂಟ ಹಿಡಿದಿದ್ದರು. ಅವಳದು ತಗ್ಗಿದ, ತುಂಬಿದ ದನಿ. ಅವನದು ಅದರ ಜೊತೆಜೊತೆಗೇ, ಒಂದೆಳೆಯೂ ಆಚೀಚೆ ಸರಿಯದೆ ನಡೆದಿತ್ತು. ಥೂ ನಿನ್ನ, ಹೇಮಪ್ಪಾ, ಎಂಥ ಮಾಸ್ತರನೋ ನೀನು ಎಂದು ನನಗೆ ನಾನೇ ಬೈದುಕೊಂಡೆ. ಹುಡುಗನ ದನಿ ಕೆಟ್ಟಿರಲಿಲ್ಲ. ದಿನಾ ನಾನು ಹಾರ್ಮೋನಿಯಂ ನುಡಿಸುತ್ತಿದ್ದದ್ದು ನನ್ನ ದನಿಯ ಎತ್ತರಕ್ಕೆ, ಅದು ಅವನಿಗೆ ನಿಲುಕುತ್ತಿರಲಿಲ್ಲ.

ಅಂದಿನ ಪ್ರಾರ್ಥನೆಗೆ ಆ ಬೀಸುಕಲ್ಲಿನ ಶ್ರುತಿಯನ್ನೇ ಹಿಡಿದೆ. "ತಪ್ಪು ನಂದೈತಿ, ಹುಲಿಗೆಪ್ಪ. ನೀನ ಸುರು ಮಾಡಪಾ" ಎಂದೆ.

ಅವನು ನನ್ನ ಮುಖ ನೋಡಿದ, ತಾಯಿಯ ಮುಖ ನೋಡಿದ, ಹಾಡು ಎತ್ತಿಕೊಂಡ. ನಾನು ಎಂದೂ ಕೇಳದಿದ್ದ ಇನ್ನೂ ನಾಲ್ಕೈದು ದನಿಗಳು ಹಿಂದಿನ ಸಾಲಿನಿಂದ ಅವನ ಜೊತೆ ಕೂಡಿದವು. ಮಗನ ಬಟ್ಟೆಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಭೀಮಕ್ಕ ಅದನ್ನು ಮೆಲ್ಲಗೆ ಬಿಚ್ಚತೊಡಗಿದಳು.

ನನ್ನ ದನಿ ಮಾತ್ರ ಅಷ್ಟು ಕೆಳಗೆ ಇಳಿಯಲಿಲ್ಲ. ಹುಡುಗರ ಮುಂದೆ ಕೂತು ನಾನು ಬರೇ ತುಟಿ ಆಡಿಸಿದೆ.