ಧೂಪದ ಕೆಮ್ಮು

ಸಿದ್ರಾಕ್ ಮೇಷ್ಟ್ರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಅದನ್ನು ಯಾರಾದರೂ ನೆನಪಿಸಿದರೆ ಮಾತ್ರ ಮೂಗಿನ ತುದಿಯಲ್ಲೇ ಕೋಪ. ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು ಮನೆಯಿಂದ ಚರ್ಚಿಗೆ ತಾವೇ ನಡೆದು ಹೋಗುತ್ತಿದ್ದರು. ಮೊದಲು ರೊಟ್ಟಿ ಅಂಗಡಿಯ ಬಿಸಿ ಗೋಡೆ, ಆಮೇಲೆ ಕ್ಷೌರದವನ ಮರದ ಬಾಗಿಲು, ಕೊನೆಗೆ ಚರ್ಚಿನ ತಣ್ಣನೆಯ ಕಲ್ಲು. ಹೆಂಡತಿ ದಿಮ್ಯಾನಾ ಬದುಕಿದ್ದಾಗ ಅವಳು ಎರಡು ಹೆಜ್ಜೆ ಹಿಂದೆಯೇ ಬರಬೇಕಿತ್ತು. ಪಕ್ಕದಲ್ಲಿ ಬಂದರೆ, ಅವಳೇ ಕೈಹಿಡಿದು ಕರೆತಂದಳು ಎಂದು ಊರವರು ಆಡಿಕೊಂಡಾರು ಎಂಬ ಭಯ.

ನೈಲ್ ನದಿಯ ದಂಡೆಯ ಆ ಊರಿನಲ್ಲಿ ಕೀರ್ತನೆ ಎಂದರೆ ಸಿದ್ರಾಕ್ ಮೇಷ್ಟ್ರು. ಈಗ ಯಾರೂ ಆಡದ ಹಳೆಯ ಭಾಷೆಯ ಅಷ್ಟೂ ಕೀರ್ತನೆಗಳು ಅವರ ಬಾಯಿಯಲ್ಲಿದ್ದವು. ಅದಕ್ಕೆ ಅವರಿಗೆ ಸೊಕ್ಕೂ ಇತ್ತು, ಇಲ್ಲವೆನ್ನಲಾಗದು. ಬೇಯಿಸಿದ ಕಾಳು ಮಾರುವ ಘತ್ತಾಸ್ ಹರೆಯದಲ್ಲಿ ಆಸೆಪಟ್ಟು ಚರ್ಚಿನ ಹಾಡುವ ಮೇಳಕ್ಕೆ ಸೇರಿದ್ದಾಗ, ಎಲ್ಲರ ಎದುರಿಗೆ, "ಘತ್ತಾಸ, ಹಾಡ್ತಿದೀಯೋ ಪಾತ್ರೆ ತಿಕ್ತಿದೀಯೋ? ಹಿಂದೆ ಹೋಗಿ ನಿಂತ್ಕೋ," ಎಂದಿದ್ದರು. ಅವನು ಹಿಂದೆ ಹೋಗಿ ನಿಂತವನು ಮತ್ತೆ ಮುಂದೆ ಬಂದಿರಲಿಲ್ಲ.

ಒಂದು ಚಳಿಗಾಲದಲ್ಲಿ ದಿಮ್ಯಾನಾ ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಮೇಷ್ಟ್ರು ಯಾರ ಮನೆಯ ಊಟವನ್ನೂ ಒಪ್ಪಿಕೊಳ್ಳಲಿಲ್ಲ. ಒಣ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿಂದು, ಅವಳ ಕರಿಯ ಶಾಲು ನೇತುಹಾಕಿದ್ದ ಗೂಟದ ಕೆಳಗೆ ಸುಮ್ಮನೆ ಕೂತಿರುತ್ತಿದ್ದರು. ಮನೆ ಎಷ್ಟು ಸದ್ದಿಲ್ಲದೆ ಇರುತ್ತಿತ್ತೆಂದರೆ, ತಾವು ರೊಟ್ಟಿ ಅಗಿಯುವುದೇ ಅವರಿಗೆ ಜೋರಾಗಿ ಕೇಳುತ್ತಿತ್ತು.

ಯೇಸುವಿನ ಮರಣದ ವಾರ ಹತ್ತಿರ ಬಂತು. ಪಾಪನಿವೇದನೆಗೆಂದು ಕೂತಾಗ ಎಲ್ಲರೂ ಅಬೂನಾ, ಅಂದರೆ ನಮ್ಮ ತಂದೆ, ಎನ್ನುತ್ತಿದ್ದ ಪಾದ್ರಿ ಬಾಖೂಮ್ ಮೆಲ್ಲಗೆ ವಿಷಯ ತೆಗೆದರು.

"ಮೇಷ್ಟ್ರೇ, ಈ ಸಲ ಶುಕ್ರವಾರದ ಸಮಾಧಿ ಕೀರ್ತನೆಗೆ ನಿಮ್ಮ ಜೊತೆ ಇನ್ನೊಬ್ಬರನ್ನ ನಿಲ್ಲಿಸ್ಲಾ?"

"ಯಾಕೆ? ನನ್ನ ಗಂಟಲಿಗೇನಾಗಿದೆ?"

"ಗಂಟಲಿಗಲ್ಲ. ಮನಸ್ಸಿಗೆ. ನೀವು ಸೋತಿದೀರಿ."

"ನಾನು ಯಾರ ಹಂಗಿನಲ್ಲೂ ಹಾಡಿದೋನಲ್ಲ, ಅಬೂನಾ. ಒಬ್ಬನೇ ಹಾಡ್ತೀನಿ. ಆಗ್ಲಿಲ್ವೋ, ಬರೋ ವರ್ಷ ಪಟ್ಟಣದಿಂದ ಬೇರೆಯೋನನ್ನ ಕರೆಸ್ಕೊಳ್ಳಿ. ನಾನು ಆಮೇಲೆ ಬಾಯಿ ಬಿಡಲ್ಲ."

ಪಾದ್ರಿ ಇನ್ನಷ್ಟು ಹತ್ತಿರ ಸರಿದು ಕೂತರು. "ಒಂದು ಮಾತು ಕೇಳ್ತೀನಿ. ಇಷ್ಟು ವರ್ಷ ನಿಮ್ಮ ಪಾಪನಿವೇದನೆ ಕೇಳಿದೀನಿ. ನಂಗಿದು ಬೇಕು ಅಂತ ದೇವರ ಹತ್ರ ಒಂದು ದಿನಾನಾದ್ರೂ ಕೇಳಿದೀರಾ?"

"ನನಗೇನು ಕಮ್ಮಿಯಾಗಿದೆ ಕೇಳೋಕೆ? ಅವನು ಕಣ್ಣು ಕೊಡ್ಲಿಲ್ಲ. ಅದನ್ನೂ ನಾನು ಕೇಳಿಲ್ಲ."

"ಅದೇ ನೋಡಿ ಮೇಷ್ಟ್ರೇ ನನ್ನ ಚಿಂತೆ," ಎಂದು ಪಾದ್ರಿ ಅವರ ತಲೆಯ ಮೇಲೆ ಶಿಲುಬೆ ಇಟ್ಟು ಪ್ರಾರ್ಥಿಸಿ ಕಳುಹಿಸಿದರು.

ಶುಕ್ರವಾರ ಬೆಳಗಿನಿಂದ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರ ಹೊಟ್ಟೆಯಲ್ಲೂ ಒಂದು ತೊಟ್ಟು ನೀರಿರಲಿಲ್ಲ. ಕಂಬಗಳಿಗೆ ಕಟ್ಟಿದ್ದ ಕರಿಯ ಬಟ್ಟೆ ಮೇಷ್ಟ್ರ ತೋಳಿಗೆ ತಾಗುತ್ತಿತ್ತು. ಹೊತ್ತು ಇಳಿಯುವಾಗ ಜನ ನಾಲ್ಕು ದಿಕ್ಕಿಗೂ ಅಡ್ಡಬಿದ್ದು ಕರುಣಿಸು ಕರುಣಿಸು ಎಂದು ಕೂಗಿ, ದಣಿದು ನಿಂತರು. ಒಳಗೆ ಪಾದ್ರಿ ಯೇಸುವಿನ ಚಿತ್ರವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಗುಲಾಬಿಯನ್ನೂ ಸುಗಂಧವನ್ನೂ ಸುರಿದು ಹೂಳುವ ಹೊತ್ತು ಬಂತು. ಆ ಕೆಲಸ ಮುಗಿಯುವವರೆಗೂ ಸಮಾಧಿ ಕೀರ್ತನೆ ನಿಲ್ಲಬಾರದು.

ಮೇಷ್ಟ್ರು ಎತ್ತಿಕೊಂಡರು. ಸ್ವರ ಗಟ್ಟಿಯಾಗಿಯೇ ಬಂತು. ಒಂದೊಂದು ಅಕ್ಷರವನ್ನೂ ಎಳೆದೆಳೆದು, ಏರಿಸಿ, ಇಳಿಸಿ, ಮತ್ತೆ ಹೊರಟಲ್ಲಿಗೇ ತಂದು ಹಾಡುವ ಕೀರ್ತನೆ ಅದು. ಅದರ ನಡುವೆ ಒಂದು ತಿರುವಿದೆ. ಒಂದೇ ಧಾಟಿ ಸುತ್ತಿ ಸುತ್ತಿ ಬರುತ್ತಿರುತ್ತದೆ. ಒಂದು ಸುತ್ತಿನ ಕೊನೆಯಲ್ಲಿ ಇಳಿಯುವ ಬದಲು ಏರಬೇಕು. ಅಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ ಸುತ್ತು. ಹಾಡುವವನು ಗಾಣದೆತ್ತಿನ ಹಾಗೆ ಅಲ್ಲೇ ತಿರುಗುತ್ತಿರಬೇಕಾಗುತ್ತದೆ.

ತಿರುವು ಬಂತು ಎನ್ನಿಸಿತು, ಬರಲಿಲ್ಲ ಎಂದೂ ಅನ್ನಿಸಿತು. ಸ್ವರ ಇಳಿದುಬಿಟ್ಟಿತು. ಇರಲಿ, ಮುಂದಿನ ಸುತ್ತಿನಲ್ಲಿ ಹಿಡಿಯುತ್ತೇನೆ ಎಂದುಕೊಂಡರು. ಮುಂದಿನ ಸುತ್ತಿನಲ್ಲೂ ಇಳಿಯಿತು. ಇಷ್ಟು ವರ್ಷ ಸ್ವರ ತಾನಾಗಿ ಹೊರಳುತ್ತಿದ್ದ ಜಾಗ ಇವತ್ತು ಎಲ್ಲಿ ಹೋಯಿತು? ಇನ್ನೊಂದು ಸುತ್ತು ಬಂತು. ಹಾಡುತ್ತಲೇ ಅವರು ಕಿವಿ ನಿಮಿರಿಸಿದರು. ತಾವು ಯಾವುದೋ ಸದ್ದಿಗೆ ಕಾಯುತ್ತಿದ್ದೇವೆ ಎಂದು ಆಗ ಗೊತ್ತಾಯಿತು.

ಕೆಮ್ಮು. ಎಡಗಡೆ, ಹೆಂಗಸರ ಸಾಲಿನಿಂದ, ಬರಬೇಕಿದ್ದ ಒಂದು ಸಣ್ಣ ಕೆಮ್ಮು.

ಪ್ರತಿ ವರ್ಷ ಇದೇ ಕೀರ್ತನೆಯ ನಡುವೆ ದಿಮ್ಯಾನಾ ಕೆಮ್ಮುತ್ತಿದ್ದಳು. ಪ್ರತಿ ವರ್ಷ ಮನೆಗೆ ಬಂದು ಅವರು ರೇಗುತ್ತಿದ್ದರು. "ಅದೇನು ಚರ್ಚೋ ಆಸ್ಪತ್ರೆಯೋ? ನಾನು ಹಾಡೋವಾಗ್ಲೇ ನಿಂಗೆ ಕೆಮ್ಮು ಬರುತ್ತಾ?" ಅವಳು ಕಾಳಿನ ಗಂಜಿ ಬಡಿಸುತ್ತಾ, "ಧೂಪದ ಹೊಗೆ ರೀ. ಗಂಟಲು ಕೆರೆಯುತ್ತೆ, ಏನ್ಮಾಡ್ಲಿ," ಎನ್ನುತ್ತಿದ್ದಳು. ಇಷ್ಟೇ. ಒಂದು ದಿನವೂ ಬೇರೆ ಮಾತು ಹೇಳಿದವಳಲ್ಲ.

ಉಸಿರು ಸಾಲಲಿಲ್ಲ. ಮೇಷ್ಟ್ರು ನಿಂತುಬಿಟ್ಟರು.

ಇಡೀ ಚರ್ಚು ತಣ್ಣಗಾಯಿತು. ಒಳಗೆ ಗುಲಾಬಿ ಸುರಿಯುತ್ತಿದ್ದ ಪಾದ್ರಿಯ ಕೈಯೂ ನಿಂತಿರಬೇಕು. ಅಷ್ಟು ಜನರ ನಡುವೆ ನಿಂತಿದ್ದರೂ ಅವರಿಗೆ ಹಿಡಿದುಕೊಳ್ಳಲು ಒಂದು ಗೋಡೆಯೂ ಇರಲಿಲ್ಲ. ಇಷ್ಟು ವರ್ಷ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಬರುತ್ತಿದ್ದವಳ ನೆನಪಾಗಿ ಕೈ ಹಿಂದಕ್ಕೆ ತಡಕಿತು. ಬಾಯಿಗೆ ಕೀರ್ತನೆ ಬರಲಿಲ್ಲ, ಹಳೆಯ ಭಾಷೆಯ ಯಾವ ಪ್ರಾರ್ಥನೆಯೂ ಬರಲಿಲ್ಲ. ಬಂದದ್ದು ಅಡುಗೆಮನೆಯಲ್ಲಿ ಆಡುವ ಮಾತು.

"ಸ್ವಾಮಿ, ನಂಗೆ ದಾರಿ ಸಿಕ್ತಾ ಇಲ್ಲ. ನನ್ನ ಕೈಲಾಗಲ್ಲ. ನೀನೇ ಹಿಡ್ಕೋ."

ಮೆಲ್ಲಗೆ ಹೇಳಿದ್ದರು, ಆದರೆ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

ಆಗ ಹಿಂದಿನಿಂದ, ಬಾಗಿಲ ಹತ್ತಿರದಿಂದ, ಒಂದು ಸ್ವರ ಎದ್ದಿತು. ಪಾತ್ರೆ ತಿಕ್ಕಿದ ಹಾಗಿತ್ತು. ಶ್ರುತಿ ಒಂದು ಕಡೆ, ಸ್ವರ ಇನ್ನೊಂದು ಕಡೆ. ಆದರೆ ಸುತ್ತಿನ ಕೊನೆಗೆ ಬಂದಾಗ ಅದು ಇಳಿಯಲಿಲ್ಲ, ಏರಿತು. ಸರಿಯಾಗಿ ಎಲ್ಲಿ ಏರಬೇಕೋ ಅಲ್ಲೇ. ಬಿದ್ದವನು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ಮೇಷ್ಟ್ರು ಆ ಸ್ವರವನ್ನು ಹಿಡಿದರು. ಅದರ ಹಿಂದೆಯೇ ಏರಿದರು, ಎರಡು ಹೆಜ್ಜೆ ಹಿಂದೆ. ಕೊನೆಯವರೆಗೂ ಮುಂದೆ ಹೋಗಲಿಲ್ಲ. ಕಾಣದ ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿದ್ದರೆ ಒರೆಸಿಕೊಳ್ಳಲೂ ಇಲ್ಲ.

ಎಲ್ಲ ಮುಗಿದು ಜನ ಪದ್ಧತಿಯಂತೆ ಒಂದೊಂದು ಗುಟುಕು ಹುಳಿ ದ್ರಾಕ್ಷಾರಸ ಕುಡಿದು ಹೊರಟರು. ಯಾರೋ ಬಂದು ಎದುರು ನಿಂತರು. ಬೆಂದ ಕಾಳಿನ ವಾಸನೆಯಿಂದಲೇ ಯಾರೆಂದು ಗೊತ್ತಾಯಿತು.

"ತಪ್ಪಾಯ್ತು ಮೇಷ್ಟ್ರೇ," ಎಂದ ಘತ್ತಾಸ್. "ಬಾಯಿ ಹಾಕ್ಬಾರ್ದಿತ್ತು."

"ಆ ತಿರುವು ನಿಂಗೆ ಹೇಗೆ ಗೊತ್ತು?"

"ಅಕ್ಕ ಸರಿಯಾಗಿ ಆ ಜಾಗದಲ್ಲೇ ಕೆಮ್ತಿದ್ರಲ್ಲ, ಮೇಷ್ಟ್ರೇ. ಹಿಂದಿನ ಸಾಲಿನೋರಿಗೆಲ್ಲ ಗೊತ್ತು. ದಿಮ್ಯಾನಕ್ಕ ಕೆಮ್ಮಿದ್ರು, ಮೇಷ್ಟ್ರು ಏರಿಸಿದ್ರು, ಇನ್ನೇನು ಮುಗಿಯುತ್ತೆ, ಒಲೆ ಮೇಲಿನ ಕಾಳು ಬೆಂದಿರುತ್ತೆ ಅಂತ ಮಾತಾಡ್ಕೊಳ್ತಿದ್ವಿ. ನಿಮಗೆ ಹೇಳಿ ಬೈಸ್ಕೊಳ್ಳೋರು ಯಾರು?"

ಹೊರಗೆ ಬಂದ ಮೇಲೆ ಅಭ್ಯಾಸದಿಂದ ಮೇಷ್ಟ್ರ ಬಲಗೈ ಗೋಡೆಯ ಕಡೆಗೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದು ಘತ್ತಾಸನ ಹೆಗಲ ಮೇಲಿಟ್ಟರು. ಅವನು ಅದರ ಬಗ್ಗೆ ಒಂದು ಮಾತೂ ಆಡದೆ ನಡೆಸಿಕೊಂಡು ಹೋದ. ಮೇಷ್ಟ್ರ ಮನೆಯಲ್ಲಿ, ತನ್ನ ಒಲೆಯಿಂದ ತಂದ ಮೊಳಕೆ ಕಾಳಿನ ಬಿಸಿ ಗಂಜಿಯ ಬಟ್ಟಲನ್ನು ಕೈಗೆ ಕೊಟ್ಟು, ರಾತ್ರಿ ಜಾಗರಣೆಗೆ ಬಂದು ಕರ್ಕೊಂಡು ಹೋಗ್ತೀನಿ ಎಂದು ಹೇಳಿ ಹೋದ.

ಬಾಗಿಲು ಮುಚ್ಚಿದ ಮೇಲೆ ಮನೆ ಮತ್ತೆ ಎಂದಿನ ಮನೆಯಾಯಿತು. ಮೇಷ್ಟ್ರು ಗೂಟದ ಹತ್ತಿರ ಹೋಗಿ ಶಾಲನ್ನು ಮುಟ್ಟಿದರು.

"ಹೊಗೆ ಅಲ್ವಂತಲ್ಲೇ, ದಿಮ್ಯಾನಾ," ಎಂದರು.

ಗಂಜಿ ಆರುತ್ತಿತ್ತು. ಶಾಲನ್ನು ಹಿಡಿದುಕೊಂಡೇ ಅವರು ನೆಲಕ್ಕೆ ಮೊಣಕಾಲೂರಿದರು. ಇವತ್ತು ಕೇಳಲಿಕ್ಕೆ ಒಂದಿತ್ತು. ಸಣ್ಣದು, ದೇವರ ಹತ್ತಿರ ಕೇಳಲು ನಾಚಿಕೆಯಾಗುವಷ್ಟು ಸಣ್ಣದು.

"ಸ್ವಾಮಿ, ಘತ್ತಾಸ ಬರೋದನ್ನ ಮರೀದೇ ಇರ್ಲಿ. ಒಬ್ಬನೇ ಬರೋಕೆ ನಂಗಾಗಲ್ಲ."