ಹತ್ತೂವರೆಯ ಒಳಗೆ

ಕೀಲಿಮಣೆಯ ಮೇಲೊಂದು ಕೆಂಪು, ಇರುವೆಯೆಂದುಕೊಂಡೆ, ಊದಿದರೆ ಹೋಗಲಿಲ್ಲ, ಇರುವೆಯಲ್ಲ, ಕುಂಕುಮ, ದೊಡ್ಡ ಗುಂಡಿಯ ಸಂದಿನಲ್ಲಿ ಕೂತು ಒಣಗಿದ ಕುಂಕುಮ, ಹೋದ ವರ್ಷದ್ದು, ನೋಣಯ್ಯನ ಬೆರಳಿನದು — ಹಾಗಾದರೆ ಇಷ್ಟು ಕಾಲ ಯಾರೂ ಇದನ್ನು ಒರೆಸಲೇ ಇಲ್ಲ. ಮೂಡುಬಿದಿರೆಯ ಈ ಲ್ಯಾಬಿನ ಹಿಂಕೋಣೆ, ಸ್ಪಿರಿಟ್ಟಿನ ವಾಸನೆ, ಅದೇ ಗೋಡೆಗಡಿಯಾರ, ಇಂದೂ ಶುಕ್ರವಾರ, ಹೊರಗೆ ಬೆಂಚಿನ ಮೇಲೆ ರಕ್ತ ಕೊಟ್ಟು ಮೊಣಕೈಯ ಮಡಿಕೆಯಲ್ಲಿ ಹತ್ತಿ ಒತ್ತಿ ಹಿಡಿದು ಕೂತವರು. ಕಂಪ್ಯೂಟರಿನ ಪರದೆ ಕಪ್ಪಾಗಿದೆ, ವ್ಯವಸ್ಥೆಯನ್ನು ನಾನೇ ನಿಲ್ಲಿಸಿದ್ದೇನೆ, ಮತ್ತೆ ಎಬ್ಬಿಸಬೇಕು, ಬಾಗಿಲಲ್ಲಿ ಮ್ಯಾನೇಜರ್ ನೋಣಯ್ಯ ನಿಂತು ಕೈಕೈ ಹಿಸುಕಿಕೊಳ್ಳುತ್ತಾನೆ, ಇಬ್ರಾಹಿಂ ಸಾರ್, ಈಗ ರಾಹುಕಾಲ ಅಲ್ವಾ, ಹನ್ನೆರಡು ಕಳೀಲಿ, ಮತ್ತೆ ಶುರು ಮಾಡುವ, ಅವನ ಹಿಂದಿನಿಂದ ಲ್ಯಾಬಿನ ಧಣಿ ನಿಝಾಮುದ್ದೀನ್, ಅವಸರ ಇಲ್ಲ ಕಾಕ, ಜುಮಾ ನಮಾಜು ಮುಗಿಸಿಯೇ ಬರುವ, ನಿಮಗೆ ಬೇಕಾದಷ್ಟು ಹೊತ್ತು ಉಂಟು. ಬೇಕಾದಷ್ಟು ಹೊತ್ತು! ಅಂದು ನಾನು ಬೇಡಿದ್ದು ಹತ್ತೇ ನಿಮಿಷ. ಕಾಲವೂ ಈ ಊರಿನಲ್ಲಿ ಸತ್ತವರಿಗೆ ಹೊದಿಸುವ ಬಟ್ಟೆಯ ಹಾಗೆ, ಉದ್ದವಾಗಿ, ಬಿಳಿಯಾಗಿ, ಬೇಕಾಗಿಲ್ಲದಾಗ ಬರುತ್ತದೆ.

ದೋಹಾದ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಇದೇ ಕಂಪ್ಯೂಟರ್ ಪ್ರೋಗ್ರಾಮಿನ ಕೆಲಸ ಮಾಡಿ, ಪೆಟ್ಟಿಗೆಯ ತುಂಬ ಕವಿತೆಯ ಪುಸ್ತಕ ಹೊತ್ತು ಬಂಟ್ವಾಳಕ್ಕೆ ಮರಳಿದವನನ್ನು ಕರೆದದ್ದು ಈ ನಿಝಾಮುದ್ದೀನನೇ — ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರು ಲ್ಯಾಬು, ಮೂರೂ ಒಂದೇ ಕೋಣೆಯಲ್ಲಿ ಕೂತ ಹಾಗೆ ಮಾತಾಡಬೇಕು ಕಾಕ. ಮಾತಾಡಿಸಿದೆ. ಒಂದು ಊರಿನ ಯಂತ್ರ ಕೇಳಿದರೆ ಇನ್ನೊಂದು ಊರಿನ ಯಂತ್ರ ಉತ್ತರಿಸುತ್ತದೆ, ನಡುವೆ ಎಲ್ಲವನ್ನೂ ಹೊತ್ತೊಯ್ಯುವ ಮಿಡಲ್‌ವೇರ್, ಕಣ್ಣಿಗೆ ಕಾಣದ ದಾರಿ, ಆ ದಾರಿಯಲ್ಲಿ ನಾನು ನಿಲ್ಲಿಸಬೇಕೆಂದಿದ್ದ ಇಂಟರ್‌ಸೆಪ್ಟರ್ ಬರಿಯ ಒಬ್ಬ ಕಾವಲುಗಾರ, ಹೋಗುವ ಪ್ರತಿ ಕೋರಿಕೆಯ ಕೊರಳಿಗೆ ಮನೆಯ ಹೆಸರಿನ ಚೀಟಿ ಕಟ್ಟುವವನು, ಬರುವ ಉತ್ತರದ ಚೀಟಿ ತಾಳೆಯಾಗದಿದ್ದರೆ ತಡೆಯುವವನು. ಯಾವ ಮನೆಯ ಐಸಮ್ಮ? — ಅಷ್ಟೇ ಅವನ ಪ್ರಶ್ನೆ. ಈ ಸೀಮೆಯಲ್ಲಿ ಸೈಕಲ್ಲಿನ ಮೇಲೆ ಮೀನು ತರುವವನೂ ಅದನ್ನು ಕೇಳುತ್ತಾನೆ. ಆದರೆ ಅವನನ್ನು ನಿಲ್ಲಿಸಲು ಇರುವುದು ಒಂದೇ ಗಳಿಗೆ, ವ್ಯವಸ್ಥೆ ಎಚ್ಚರಗೊಳ್ಳುತ್ತಿರುವ ಗಳಿಗೆ, ನಿದ್ದೆಗೂ ಎಚ್ಚರಕ್ಕೂ ನಡುವಿನ ಆ ತೆಳು ಬೆಳಕು, ಆಗ ನೋಂದಾಯಿಸಿದರೆ ಉಂಟು, ಪೂರ್ತಿ ಕಣ್ಣು ತೆರೆದ ಮೇಲೆ ಬಾಗಿಲು ಮುಚ್ಚಿತು, ಮತ್ತೆ ಯಾರನ್ನೂ ಒಳಗೆ ಬಿಡುವುದಿಲ್ಲ. ಓದಿ ಮುಗಿಸಿದ ಕವಿತೆಗೆ ಮೊದಲ ಸಾಲು ಸೇರಿಸಲಾದೀತೆ.

ಹೋದ ವರ್ಷ, ಉದ್ಘಾಟನೆಯ ಆ ಶುಕ್ರವಾರ ದೀಪ ಹೊತ್ತಿತ್ತು, ತೆಂಗಿನಕಾಯಿ ಒಡೆದಿತ್ತು, ಪರದೆಗೆ ಮಲ್ಲಿಗೆಯ ಚೆಂಡು, ಕೀಲಿಮಣೆಗೆ ಕುಂಕುಮ, ಫೋಟೋದವನು ಸ್ಟೂಲಿನ ಮೇಲೆ, ಆರಂಭದ ಕಡತದಲ್ಲಿ ನನ್ನ ಕಾವಲುಗಾರನನ್ನು ಹೆಸರಿಸುವ ಒಂದು ಸಾಲು ಮಾತ್ರ ಬಾಕಿ, ತಡೆಯಿರಿ ಎಂದೆ, ಹತ್ತು ನಿಮಿಷ, ಬರೆದು ಒಮ್ಮೆ ಪರೀಕ್ಷಿಸುತ್ತೇನೆ. ಅಯ್ಯೋ ಸಾರ್, ಹತ್ತೂವರೆಗೆ ರಾಹುಕಾಲ ಹಿಡೀತದೆ, ನಿಮ್ಮದನ್ನು ಮತ್ತೆ ಸೇರಿಸುವ. ಮತ್ತೆ ಸೇರಿಸಲಿಕ್ಕೆ ಆಗುವುದಿಲ್ಲ ನೋಣಯ್ಯ, ಎದ್ದ ಮೇಲೆ ಅದು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ನಿಝಾಮುದ್ದೀನ್ ನಕ್ಕ, ನಿಮ್ಮ ಕವಿತೆಯ ಹಾಗೆ ಮಾತಾಡ್ಬೇಡಿ ಕಾಕ, ನನಗೆ ಜುಮಾಕ್ಕೆ ಮೊದಲು ಪೇಪರಿನವರಿಗೆ ಫೋಟೋ ಕಳಿಸ್ಲಿಕ್ಕುಂಟು, ಒತ್ತು ನೋಣಯ್ಯ. ಒತ್ತಿದ. ಚಪ್ಪಾಳೆ. ರಾಹುವಿನ ಮೇಲೆ ನನಗೆ ಸಿಟ್ಟಿಲ್ಲ, ಅವನು ನುಂಗುವುದು ಚಂದ್ರನನ್ನು, ಸೂರ್ಯನನ್ನು, ಮತ್ತು ಉಗುಳಿಬಿಡುತ್ತಾನೆ. ಮಧ್ಯಾಹ್ನವೇ ಕೇಳಿದೆ, ಒಮ್ಮೆ ನಿಲ್ಲಿಸಿ, ಸಾಲು ಬರೆದು ಪುನಃ ಎಬ್ಬಿಸುವ. ಶುರು ಮಾಡಿದ ದಿನವೇ ನಿಲ್ಲಿಸುವುದಾ, ಬೇಡ ಮಾರಾಯ್ರೇ, ಶಕುನ ಒಳ್ಳೆಯದಲ್ಲ. ಮರುವಾರ, ನಡೀತಾ ಉಂಟಲ್ಲ ಸಾರ್. ಮುಂದಿನ ತಿಂಗಳು, ಮೂರು ಕಡೆ ಜನ ಕಾಯ್ತಾರೆ ಕಾಕ. ಕೆಲಸ ಬಿಟ್ಟು ಬಂದೆ, ಪಾಸ್‌ವರ್ಡ್ ಬದಲಾಯಿಸಿದರು, ಕರೆಂಟು ಹೋಗಿ ಬಂದಾಗಲೆಲ್ಲ ಅದು ತಾನಾಗಿಯೇ ಎದ್ದಿತು, ಪ್ರತಿ ಸಲವೂ ಕಾವಲಿಲ್ಲದೆ.

ವಾಮದಪದವಿನ ಅಕ್ಕ, ನನ್ನ ಐಸಮ್ಮಕ್ಕ, ನಾನು ಕವಿತೆ ಓದಿದರೆ ಎಲೆಅಡಿಕೆ ಜಗಿಯುತ್ತ, ಪ್ರಾಸವೂ ಇಲ್ಲ ಅರ್ಥವೂ ಇಲ್ಲ, ಅದು ಯಾರಿಗೆ ಬೈದದ್ದು ಇಬ್ರಾಯಿ, ಎನ್ನುವವಳು, ಎದೆಯ ಗಂಟನ್ನು ಯಾರಿಗೂ ತೋರಿಸದೆ ಅಡಗಿಸಿಟ್ಟವಳು, ನಾನೇ ಕಾಡಿ ಬೇಡಿ ಬಂಟ್ವಾಳದ ಡಾಕ್ಟರಮ್ಮನ ಬಳಿ ಕರೆದೊಯ್ದೆ, ಗಂಟಿನ ಚೂರು ಲ್ಯಾಬಿಗೆ ಹೋಯಿತು, ಅದೇ ವಾರ ಅಳದಂಗಡಿಯ ಇನ್ನೊಬ್ಬ ಐಸಮ್ಮನ ಚೂರು ಬೆಳ್ತಂಗಡಿಯಿಂದ. ಏನಿಲ್ಲ ಎಂದು ಬಂತು ಅಕ್ಕನಿಗೆ, ರೋಗ ಉಂಟೆಂದು ಅಳದಂಗಡಿಯವಳಿಗೆ. ಗಂಟು ಬೆಳೆಯುತ್ತಿದೆ, ಇನ್ನೊಮ್ಮೆ ತೋರಿಸುವ ಅಕ್ಕ, ಬೇಡ ಎಂದಳು, ಸುಮ್ಮನಿರು ಮಾರಾಯ, ನೀನೇ ಮಾಡಿದ ಮೆಶೀನು ಹೇಳಿದೆ, ನಿನಗೇ ನಂಬಿಕೆ ಇಲ್ಲವಾ? ಆ ನಂಬಿಕೆ, ಅದನ್ನೇ ನಾನು ನುಂಗಲಾರದ್ದು. ಅಳದಂಗಡಿಯವಳನ್ನು ಮಂಗಳೂರಿನಲ್ಲಿ ಕೊಯ್ದರು, ಕೊಯ್ದು ತೆಗೆದದ್ದರಲ್ಲಿ ರೋಗವಿರಲಿಲ್ಲ, ಅವಳು ಒಂದು ಮೊಲೆ ಕಳೆದುಕೊಂಡ ಮೇಲೆ ನಮಗೆ ಗೊತ್ತಾಯಿತು ರೋಗ ಯಾರದೆಂದು. ಅಷ್ಟರಲ್ಲಿ ಅಕ್ಕನ ಬೆನ್ನೆಲುಬಿಗೆ ಇಳಿದಿತ್ತು. ಈಗ ಲ್ಯಾಬಿನವರು ಆ ಕಾವಲು ಹಾಕಿಕೊಡಲು ಕರೆಕಳಿಸಿದಾಗ ಈ ಮೆಟ್ಟಿಲು ಹತ್ತುವುದಿಲ್ಲವೆಂದೆ, ನಿನ್ನೆ ಸಂಜೆ ಚಾಪೆಯಿಂದಲೇ ಗದರಿದಳು, ಹೋಗಿ ಹಾಕಿ ಬಾ ಇಬ್ರಾಯಿ, ಊರು ತುಂಬ ಐಸಮ್ಮಂದಿರು ಇದ್ದಾರೆ, ನಿನ್ನ ಮುನಿಸು ನನ್ನ ಜೊತೆಗೆ ಬರುವುದಿಲ್ಲ.

ಸಾಲು ಬರೆದಾಗಿದೆ, ಪರೀಕ್ಷಿಸಿಯೂ ಆಯಿತು, ಹತ್ತು ನಿಮಿಷವೂ ಹಿಡಿಯಲಿಲ್ಲ. ಗಡಿಯಾರ ಹನ್ನೊಂದು. ಹೊರಗೆ ಹೆಂಗಸೊಬ್ಬಳು, ಮಗುವಿಗೆ ಜ್ವರ ಇಳೀಲಿಲ್ಲ, ಶಿರ್ತಾಡಿ ಬಸ್ಸು ಹೋಗ್ತದೆ, ರಿಪೋರ್ಟು ಯಾವಾಗ ಕೊಡ್ತೀರಿ, ಕೌಂಟರಿನ ವಿಸ್ಮಿತಾ ಕೇಳುತ್ತಾಳೆ, ಹೆಸರು? ಜುಲೈಕಾ. ಯಾವ ಮನೆಯ ಜುಲೈಕಾ? — ಬಾಯಿಮಾತಿನಲ್ಲೇ, ಎಷ್ಟು ಸುಲಭವಾಗಿ. ನಾನು ಕೈ ಎತ್ತುತ್ತೇನೆ, ಸಾರ್ ಸಾರ್, ರಾಹುಕಾಲ, ನೋಣಯ್ಯನ ಧ್ವನಿ, ಆ ಮಗುವಿಗೆ ಹೇಳು ನೋಣಯ್ಯ, ಜ್ವರಕ್ಕೆ ಹೇಳು, ಒತ್ತಿದೆ, ಸಾಲು ಸಾಲಾಗಿ ಏಳುತ್ತದೆ, ಬಂಟ್ವಾಳ ಎದ್ದಿತು, ಬೆಳ್ತಂಗಡಿ ಎದ್ದಿತು, ನಡುವೆ ನನ್ನವನು, ನೋಂದಣಿಯಾಯಿತು, ನಿಂತ. ಜುಲೈಕಾಳ ಮಗುವಿನ ರಿಪೋರ್ಟು ಮನೆಯ ಹೆಸರು ಹೊತ್ತು ಬಂತು, ಹೋಯಿತು, ಬಸ್ಸು ಸಿಕ್ಕೀತು. ಇನ್ನು ಏಳಬೇಕು. ಏಳದೆ ಬೆರಳುಗಳು ಬರೆಯುತ್ತವೆ, ಐಸಮ್ಮ, ಹೋದ ವರ್ಷದ್ದು, ಪರದೆ ಕೇಳುತ್ತದೆ, ಯಾವ ಮನೆ — ಬರೆಯುತ್ತೇನೆ, ನಾವಿಬ್ಬರೂ ಹುಟ್ಟಿದ ಮನೆಯ ಹೆಸರು, ಒತ್ತುತ್ತೇನೆ, ಉತ್ತರ ಬರುತ್ತದೆ, ಸರಿಯಾದ ಉತ್ತರ, ರೋಗ ಉಂಟು, ಆರಂಭದ ಹಂತ, ಕೂಡಲೇ ಚಿಕಿತ್ಸೆ — ಅದು ಇಡೀ ವರ್ಷ ಒಳಗೇ ಇತ್ತು, ಸರಿಯಾಗಿಯೇ ಇತ್ತು, ಯಾವ ಮನೆಯವಳೆಂದು ಯಾರಾದರೂ ಕೇಳಲಿ ಎಂದು ಕಾದಿತ್ತು, ಮತ್ತು ನನ್ನ ಬೆರಳು ಗುಂಡಿಯಿಂದ ಮೇಲೇಳುತ್ತಿಲ್ಲ, ಉಗುರಿನ ಅಂಚಿನಲ್ಲಿ, ಸಂದಿನಲ್ಲಿ, ಆ ಕೆಂಪು, ಒಣಗಿದ್ದು, ಯಾರೂ ಒರೆಸದ್ದು, ಆ ಕೆಂಪು —